ಪುತಳಿಗೆ ಸರಾಫನ ಗುರುತು

1853ರ ಆಷಾಢ. ದೇವಸೂಗೂರಿನ ದಂಡೆಯಲ್ಲಿ ಶಕ್ತಿನಗರದ ಚಿಮಣಿಗಳು ಇನ್ನೂ ಇಲ್ಲ; ಕೆಂಪಗೆ ತುಂಬಿ ಹರಿಯುವ ಕೃಷ್ಣೆ, ಸುತ್ತು ಹೊಡೆಯುತ್ತ ದಂಡೆ ಮುಟ್ಟುವ ಚರ್ಮದ ಹರಗೋಲು. ಇಳಿದವರ ಬೆನ್ನಿಗೇ ನೀವೂ ರಾಯಚೂರಿನ ದಾರಿ ಹಿಡಿಯುತ್ತೀರಿ. ಸೊಂಟದ ಗಂಟಿನಲ್ಲಿ ಹೆಂಡತಿಯ ಸರದಿಂದ ಬಿಚ್ಚಿದ ಒಂದು ಪುತಳಿ, ವೆನಿಸ್‌ನ ಚಿನ್ನದ ನಾಣ್ಯ.

ಮೇ ತಿಂಗಳಲ್ಲಷ್ಟೇ ನಿಜಾಮರು, ಪಡೆಯ ಖರ್ಚಿನ ಬಾಕಿಗಾಗಿ, ಈ ರಾಯಚೂರು ದೋಆಬನ್ನು ಕುಂಪಣಿಯ ಕೈಗೆ ಬಿಟ್ಟಿದ್ದಾರೆ. ಕುಂಪಣಿಯ ಖಜಾನೆಯೋ ಜನವರಿ 1ರಿಂದ ಚಿನ್ನದ ನಾಣ್ಯ ಮುಟ್ಟುತ್ತಿಲ್ಲ. ಕಂದಾಯಕ್ಕೆ ಬೆಳ್ಳಿಯೇ ಬೇಕು.

ಕೋಟೆಯ ನೆರಳಿನ ಪೇಟೆಯಲ್ಲಿ ಸರಾಫ ಗಾದಿಯ ಮೇಲೆ ಕೂತಿದ್ದಾನೆ.

'ಬರ್ರಿ ಗೌಡ್ರ, ಕುಂದರ್ರಿ.'

ಪುತಳಿಯನ್ನು ಬೆಳಕಿಗೆ ಹಿಡಿಯುತ್ತಾನೆ. ಒಂದು ಮೈಯಲ್ಲಿ ನಿಂತ ಸಂತ, ಅವನೆದುರು ಮೊಣಕಾಲೂರಿದ ವೆನಿಸ್‌ನ ದೊರೆ, ನಡುವೆ ಧ್ವಜದ ಕೋಲು. ಇನ್ನೊಂದರಲ್ಲಿ ಚುಕ್ಕಿಗಳ ನಡುವೆ ಏಸು. ಆ ಗಣರಾಜ್ಯ 1797ರಲ್ಲೇ ಮುಳುಗಿತು. ಮೂರೂವರೆ ಗ್ರಾಮಿನ ಅಪ್ಪಟ ಚಿನ್ನಕ್ಕೆ ಅದರ ಗೊಡವೆ ಯಾಕೆ? ದೊರೆಯ ನಿಲುವಂಗಿಯ ಬಳಿ ಎಳ್ಳಿಗಿಂತ ಸಣ್ಣ ಎರಡು ತಗ್ಗು: ಒಂದು ಹೂವು, ಒಂದು ಅರ್ಧಚಂದ್ರ. ಹಿಂದೆ ಯಾರೋ ಸರಾಫರು ಪರೀಕ್ಷಿಸಿ ಒತ್ತಿದ ಗುರುತು.

ಬೇರೆ ಕಡೆ ಈ ಕೆಲಸ ಸರ್ಕಾರದ್ದು. 1690ರಲ್ಲಿ ಬಟಾವಿಯಾದ ಡಚ್ಚರು ಜಪಾನಿನ ಚಿನ್ನದ ನಾಣ್ಯ ಕೋಬಾನ್‌ಗೆ ಸಿಂಹದ ಮುದ್ರೆ ಒತ್ತಿ ಚಲಾವಣೆಗೆ ಬಿಟ್ಟರು. 1798ರಲ್ಲಿ ಗ್ರೆನಡಾದ ಇಂಗ್ಲಿಷರು ಬ್ರೆಜಿಲ್‌ನ ಚಿನ್ನದ ನಾಣ್ಯಕ್ಕೆ 'ಜಿ' ಅಕ್ಷರ ಹೊಡೆದರು. ಇಲ್ಲಿ ಮಾತ್ರ ಗಾದಿಯವನ ಮಾತೇ ಮುದ್ರೆ. ಊರಿಗೆ ಗೊತ್ತಿರುವುದು ಅವನ ಗುರುತು, ಕುಂಪಣಿ ರೂಪಾಯಿಯ ಮೇಲಿನ ರಾಣಿಯ ಮುಖವಲ್ಲ.

ಆದರೂ ಹಳೆ ಗುರುತನ್ನು ಈತ ನಂಬುವುದಿಲ್ಲ. ಒರೆಗಲ್ಲಿಗೆ ಅಂಚನ್ನು ತಿಕ್ಕುತ್ತಾನೆ. ಕಪ್ಪು ಕಲ್ಲಿನ ಮೇಲೆ ಹಳದಿ ಗೆರೆ. ತಕ್ಕಡಿಗೆ ಗುಲಗಂಜಿ ಬೀಳುತ್ತವೆ. ಸರದ ಕೊಂಡಿಯ ತೂಕ ಕಳೆಯುತ್ತಾನೆ, ನಿಮ್ಮ ಮುಖ ನೋಡದೆ. ಆಮೇಲೆ ಉಕ್ಕಿನ ಮೊಳೆಯಚ್ಚು, ಸುತ್ತಿಗೆ, ಟಕ್ ಎಂದು ಒಂದೇ ಪೆಟ್ಟು. ಮೂರನೆಯ ತಗ್ಗು.

'ಕುಂಪಣಿ ರೂಪಾಯಿ ಕೊಡ್ರಿ, ಸಾವ್ಕಾರ್ರ.'

'ಕೊಡ್ತೀನಿ. ವಟ್ಟ ಹಿಡೀತೀನಿ ಮತ್ತ.'

'ನಿಜಾಮರದಾದ್ರ?'

'ಅದನ್ನ ಕಚೇರಿಗೆ ಒಯ್ದು ನೋಡ್ರಿ, ಅಲ್ಲಿ ಯಾರು ವಟ್ಟ ಹಿಡೀತಾರಂತ!'

ಬೆಳ್ಳಿ ಗಾದಿಯ ಮೇಲೆ ಸುರಿಯುತ್ತದೆ. 'ಇಲ್ಲೇ ಎಣಿಸ್ಕೊಳ್ರಿ ಗೌಡ್ರ. ಕಟ್ಟಿ ಇಳಿದ ಮ್ಯಾಲ ನನ್ನ ಜವಾಬ್ದಾರಿ ಇಲ್ಲ.'