ಇನ್ನೊಂದು ತುತ್ತು

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾದದ್ದು 1941ರಲ್ಲಿ. ಅಂದಿನಿಂದ ಮುಂಬಯಿ ಕನ್ನಡಿಗರ ಮನೆಗಳಿಗೆ ಊರಿನಿಂದ ಒಂದು ಬಗೆಯ ನೆಂಟರು ಬರುತ್ತಲೇ ಇದ್ದಾರೆ. ಕೈಯಲ್ಲಿ ಎಕ್ಸ್‌ರೇ ಲಕೋಟೆ, ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಅವರಿಗೆ ಮಂಚ ಬಿಟ್ಟುಕೊಟ್ಟು ನಾವು ನೆಲದ ಮೇಲೆ ಮಲಗುತ್ತೇವೆ. ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ವಾಚಕರಲ್ಲಿ ಅನೇಕರು ಇದನ್ನು ಮಾಡಿದವರೇ. ಮಂಚ ಬಿಟ್ಟುಕೊಡುವುದು ಸುಲಭ, ಬಂದವರ ತಟ್ಟೆಯ ಮುಂದೆ ಕುಳಿತುಕೊಳ್ಳುವುದು ಕಷ್ಟ.

ನಮ್ಮ ಭಾವನವರು ಧಾರವಾಡದಿಂದ 2023ರಲ್ಲಿ ಬಂದರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರು ಯಕೃತ್ತಿಗೂ ಹಬ್ಬಿತ್ತು. ಗುಣಪಡಿಸುವ ಹಂತ ದಾಟಿದೆ, ಇನ್ನು ನೋವು ಸಂಕಟಗಳನ್ನು ತಗ್ಗಿಸುವ ಉಪಶಾಮಕ ಚಿಕಿತ್ಸೆ ಕೊಡೋಣ ಎಂದರು ವೈದ್ಯರು. ಅಕ್ಕನಿಗೆ ಆ ಮಾತಿನಿಂದ ತಿಳಿದದ್ದು ಇಷ್ಟೆ: ಔಷಧಿಯ ಕೆಲಸ ಮುಗಿಯಿತು, ಇನ್ನು ಅಡುಗೆಮನೆಯ ಕೆಲಸ. ಎರಡು ತಾಸಿಗೊಮ್ಮೆ ನುಚ್ಚು, ಗಂಜಿ, ಹೆಸರುಬೇಳೆಯ ಕಟ್ಟು. “ಇನ್ನೊಂದು ತುತ್ತು ಉಣ್ರಿ” ಎಂಬ ಮಾತು ಬೆಳಗಿನಿಂದ ರಾತ್ರಿಯವರೆಗೆ ನಡೆಯುತ್ತಿತ್ತು. ಒಂದು ಸಂಜೆ ಭಾವ ನಮ್ಮನ್ನು ಹತ್ತಿರ ಕರೆದು, “ನಿಮ್ಮಕ್ಕಗ ನೀನರ ಹೇಳೋ. ತಾಟು ಕಂಡರ ಎದಿ ಝಲ್ ಅಂತದ” ಎಂದರು.

ನಾವು ಗುಮಾಸ್ತರು, ಬಿ.ಎಸ್‌ಸಿ.ಯಲ್ಲಿ ಕಲಿತದ್ದನ್ನು ಅರ್ಧ ಮರೆತವರು. ಆದರೆ ಕಡತ ಓದುವ ಅಭ್ಯಾಸ ಉಂಟಷ್ಟೆ. ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡೆವು.

ಆರೋಗ್ಯವಂತನು ಉಪವಾಸವಿದ್ದರೆ ದೇಹ ಮುಖ್ಯವಾಗಿ ಕೊಬ್ಬನ್ನು ಕರಗಿಸಿಕೊಂಡು ಸ್ನಾಯುಗಳನ್ನು ಆದಷ್ಟು ಕಾಯ್ದುಕೊಳ್ಳುತ್ತದೆ. ಮತ್ತೆ ಊಟ ಹಾಕಿದರೆ ಮೈ ತುಂಬುತ್ತದೆ. ಮುಂದುವರಿದ ಕ್ಯಾನ್ಸರಿನಲ್ಲಿ ಹಾಗಲ್ಲ. ಗೆಡ್ಡೆಯೂ, ಅದರ ವಿರುದ್ಧ ದೇಹ ಹೊತ್ತಿಸಿಕೊಂಡ ಉರಿಯೂತವೂ ಸೇರಿ ಸ್ನಾಯು, ಕೊಬ್ಬು ಎರಡನ್ನೂ ಕರಗಿಸುತ್ತವೆ. ಮೆದುಳಿನಲ್ಲಿ ಹಸಿವನ್ನೂ ಅಡಗಿಸುತ್ತವೆ. ಇದಕ್ಕೆ ಕ್ಯಾಕೆಕ್ಸಿಯಾ ಎಂದು ಹೆಸರು. 2011ರಲ್ಲಿ ಅಂತರರಾಷ್ಟ್ರೀಯ ತಜ್ಞರು ಇದರ ಲಕ್ಷಣ ನಿಗದಿ ಮಾಡಿದರು: ಆರು ತಿಂಗಳಲ್ಲಿ ತೂಕ ನೂರಕ್ಕೆ 5ಕ್ಕಿಂತ ಹೆಚ್ಚು ಇಳಿಯುವುದು, ಅಂದರೆ 60 ಕಿಲೋ ಇದ್ದವರಿಗೆ 3 ಕಿಲೋ ಮೀರಿ. ಕೇವಲ ಆಹಾರದಿಂದ ಇದನ್ನು ಪೂರ್ತಿ ಹಿಂದಿರುಗಿಸಲಾಗದು ಎಂದೂ ಅವರೇ ಬರೆದರು.

ತೀರ ಕಡಿಮೆ ತಿನ್ನುವ ರೋಗಿಗೆ ಉಳಿದ ದಿನಗಳೂ ಕಡಿಮೆ ಎಂಬುದು ನಿಜವೇ. 1999ರಲ್ಲಿ ಜಪಾನಿನ ವೈದ್ಯರು ಉಳಿದ ಕಾಲವನ್ನು ಅಂದಾಜಿಸಲು ಮಾಡಿದ ಸೂಚಿಯಲ್ಲಿ ಬಾಯಿಂದ ಸೇವಿಸುವ ಆಹಾರದ ಪ್ರಮಾಣವೂ ಒಂದು ಅಂಶ. ಅಕ್ಕನ ಭಯ ಹುಟ್ಟಿದ್ದು ಇಲ್ಲೇ. ಆದರೆ ಮಳೆಗೆ ಮುಂಚೆ ಇರುವೆ ಮೊಟ್ಟೆ ಹೊತ್ತು ಸಾಗುತ್ತದೆ. ಇರುವೆಯನ್ನು ತಡೆದರೆ ಮಳೆ ನಿಂತೀತೆ?

ಹಾಗೆಂದು ಆಹಾರವನ್ನು ಮೊದಲಿನಿಂದಲೇ ಅಲಕ್ಷಿಸಬೇಕೆಂದಲ್ಲ. ರೋಗಿ ಇನ್ನೂ ಓಡಾಡುತ್ತಿರುವಾಗ ಕಿಲೋ ತೂಕಕ್ಕೆ ದಿನಕ್ಕೆ 25ರಿಂದ 30 ಕ್ಯಾಲರಿ, 1ರಿಂದ 1.5 ಗ್ರಾಂ ಪ್ರೋಟೀನು ಎಂಬ ಗುರಿ ಇದೆ. ಅನ್ನನಾಳ ಕಟ್ಟಿಕೊಂಡವನು ಇತರ ರೀತಿಯಲ್ಲಿ ಗಟ್ಟಿಯಿದ್ದರೆ ನಳಿಗೆಯಿಂದ ಆಹಾರ ಕೊಟ್ಟು ಉಪಯೋಗವುಂಟು. ಊಟ ಸೇರದಿದ್ದರೆ ಮೊದಲು ಬಾಯಿ ನೋಡಬೇಕು: ಹುಣ್ಣೋ, ಬಿಳಿಯ ಬೂಷ್ಟೋ ಇರಬಹುದು. ನೋವು, ವಾಕರಿಕೆ, ಮಾರ್ಫಿನ್‌ನಿಂದ ಕಟ್ಟಿದ ಮಲ — ಇವಕ್ಕೆಲ್ಲ ಔಷಧಿಗಳಿವೆ. ಭಾವನವರಿಗೆ ಮಲಬದ್ಧತೆ ಬಿಟ್ಟಮೇಲೆ, ಜೀರ್ಣರಸದ ಗುಳಿಗೆ ಸೇರಿಸಿದ ಮೇಲೆ ಮೂರು ವಾರ ಮಜ್ಜಿಗೆ ಅನ್ನ ಸೇರಿತು. ಒಂದು ದಿನ ಮಿರ್ಚಿ ಭಜಿ ಬೇಡಿದರು! ಅಕ್ಕ ಹೌಹಾರಿದಳು, ಮನೆಯಾಕೆ ಸುಮ್ಮನೆ ಎರಡು ಕರಿದುಕೊಟ್ಟಳು. ಪಥ್ಯ ಯಾರಿಗಾಗಿ?

ಉಪಶಾಮಕ ಚಿಕಿತ್ಸೆ ಎಂದರೆ ಕೈಬಿಟ್ಟಂತೆ ಎಂಬ ಗ್ರಹಿಕೆಯೂ ಸರಿಯಲ್ಲ. 2010ರಲ್ಲಿ ಪ್ರಕಟವಾದ ಬೋಸ್ಟನ್ನಿನ ಒಂದು ಅಧ್ಯಯನದಲ್ಲಿ, ಹಬ್ಬಿದ ಶ್ವಾಸಕೋಶ ಕ್ಯಾನ್ಸರಿನವರಿಗೆ ಅದನ್ನು ಮೊದಲಿನಿಂದಲೇ ಜೊತೆಗೆ ಕೊಟ್ಟಾಗ ಮಧ್ಯಮ ಬದುಕಿನ ಅವಧಿ 11.6 ತಿಂಗಳು ಇತ್ತು, ಕೊಡದ ಗುಂಪಿನಲ್ಲಿ 8.9.

ಕೊನೆಯ ವಾರಗಳಲ್ಲಿ ಮಾತ್ರ ಕ್ಯಾಲರಿ ಲೆಕ್ಕ ಮುಚ್ಚಿಡಬೇಕಾಗುತ್ತದೆ. ಭಾವ ಗುಟುಕು ನೀರಿಗೆ ಬಂದಾಗ ಊರಿನಿಂದ ಅವರ ಅಣ್ಣತಮ್ಮಂದಿರ ಫೋನು: “ಸಲೈನರ ಹಚ್ಚಸ್ರಿ, ಉಪವಾಸ ಕೆಡವಬ್ಯಾಡ್ರಿ.” ಪ್ರೀತಿಯ ಮಾತೇ. ವೈದ್ಯರು ನಿರ್ಧಾರವನ್ನು ನಮಗೆ ಬಿಟ್ಟರು. ಅಮೆರಿಕದಲ್ಲಿ 129 ಮಂದಿ ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ ಒಂದು ಲೀಟರು, ಉಳಿದವರಿಗೆ ಹೆಸರಿಗೆ 100 ಮಿಲಿಲೀಟರು ಸಲೈನು ಕೊಟ್ಟು ನೋಡಿದ್ದರು. 2013ರಲ್ಲಿ ಹೊರಬಂದ ಫಲಿತಾಂಶದಂತೆ ಸಂಕಟದಲ್ಲಾಗಲಿ, ಬದುಕಿದ ದಿನಗಳಲ್ಲಾಗಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಹೆಚ್ಚಾದ ನೀರು ಕಾಲಿಗೋ ಎದೆಗೋ ಇಳಿಯುವ ಭಯ ಬೇರೆ. ಇನ್ನೂ ಹಿಂದೆ, 1994ರಲ್ಲಿ, ಅಲ್ಲಿಯೇ ಸಾವಿನಂಚಿನ 32 ಮಂದಿಯನ್ನು ಗಮನಿಸಿದಾಗ 20 ಮಂದಿಗೆ ಹಸಿವೆಯೇ ಆಗಿರಲಿಲ್ಲ. ಬಾಯಾರಿಕೆ, ಬಾಯಿಯ ಒಣಗು ಗುಟುಕು ನೀರಿಗೆ, ಐಸ್ ಚೂರಿಗೆ, ತುಟಿ ಒದ್ದೆ ಮಾಡುವುದಕ್ಕೆ ಶಮನವಾಗುತ್ತಿತ್ತು. ಇದನ್ನೆಲ್ಲ ಅಕ್ಕನಿಗೆ ಒಂದು ರಾತ್ರಿ ಕೂತು ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ನಾ ಏನ್ ಮಾಡ್ಲಿ?” ಎಂದಳು.

ಸೂಜಿ ಹಾಕಿಸಲಿಲ್ಲ. ಅಕ್ಕ ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿಗೆ ಹಚ್ಚುವಳು, ಅಂಗಾಲಿಗೆ ಕೊಬ್ಬರಿ ಎಣ್ಣೆ ತಿಕ್ಕುವಳು, ಊರಿನ ಹೊಲದ ಸುದ್ದಿ ಹೇಳುವಳು. ಭಾವನವರು ತಟ್ಟೆ ಕಾಣದ ಮೇಲೆ ಅವಳ ಕೈ ಹಿಡಿದುಕೊಳ್ಳತೊಡಗಿದರು. ಹೀಗೆ ಒಂಬತ್ತು ದಿನ. ಊರಿನವರು ಪ್ರತಿ ಸಂಜೆ “ಏನರ ತಿಂದರೇನು?” ಎಂದು ಕೇಳುತ್ತಿದ್ದರು. ಫೋನು ಅಕ್ಕನೇ ಎತ್ತುವಳು: “ಎರಡು ಚೂರು ಐಸ್ ತಗೊಂಡಾರ. ಈಗ ಮಲಗ್ಯಾರ, ನೋವಿಲ್ಲ.”