ಬಾಗಿಲ ಜೇಬು ಹರಿದ ಜಾಗ

ಸಕಲೇಶಪುರ, ಶನಿವಾರ ಬೆಳಿಗ್ಗೆ

ಸೋದರಮಾವನ ಜೀಪು ಅಂಗಳದಲ್ಲಿ ಎರಡೂ ಬಾಗಿಲು ತೆರೆದುಕೊಂಡು ನಿಂತಿದೆ. ಬಾಗಿಲ ಒಳಮೈಯ ಜೇಬುಗಳನ್ನು ಮಳೆಗಾಲಕ್ಕೆ ಮೊದಲು ಬದಲಾಯಿಸಬೇಕೆಂದು ಅತ್ತೆ ಹೇಳುತ್ತಲೇ ಬಂದಿದ್ದರು. ಈ ಸಲ ಮಾವ ಒಪ್ಪಿದ್ದಾರೆ. ಜೇಬು ಖಾಲಿ ಮಾಡುವ ಕೆಲಸ ನನ್ನದು.

ಖಾಲಿ ಮಾಡುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಇದು: ಎರಡು ಜೇಬೂ ಹರಿದಿರುವುದು ಒಂದೇ ಮೂಲೆಯಲ್ಲಿ. ಕೆಳಗೆ, ಹಿಂಬದಿಗೆ, ಬಿಜಾಗರಿಯಿಂದ ದೂರದ ತುದಿಯಲ್ಲಿ. ಬಿಜಾಗರಿ ಪಕ್ಕದ ಮೂಲೆಯ ಹೊಲಿಗೆ ನಿನ್ನೆ ಹಾಕಿದಂತಿದೆ. ಬಲಗಡೆಯದು ಮಾವನ ಜೇಬು, ಭಾರ. ಎಡಗಡೆಯದು ಅತ್ತೆಯದು, ಕೈಯಲ್ಲಿ ಹಿಡಿದರೆ ಏನೂ ಇಲ್ಲದಷ್ಟು ಹಗುರ. ಭಾರಕ್ಕೆ ಹರಿಯಿತು ಅನ್ನುವುದಾದರೆ ಹಗುರದ್ದೂ ಅದೇ ಜಾಗದಲ್ಲಿ ಯಾಕೆ ಹರಿಯಬೇಕು?

ಹೊರಬಂದದ್ದು

ಬಲಗಡೆ: 10–11ರ ಸ್ಪ್ಯಾನರ್, 16–17ರದು, ಕಟಿಂಗ್ ಪ್ಲೇಯರ್, ಕಾಫಿ ಗಿಡ ಸವರುವ ಕತ್ತರಿ, ಕಂಬಿ ಸುರುಳಿ, ಎರಡು ಬಲ್ಬು, ಟಾರ್ಚು. ಎಡಗಡೆ: ಬಾಚಣಿಗೆ, ಔಷಧಿ ಅಂಗಡಿಯ ಚೀಟಿಗಳು, ನಾಲ್ಕು ಏಲಕ್ಕಿ, ಬಟ್ಟೆಯಲ್ಲಿ ಕಟ್ಟಿದ ಹೊಗೆಸೊಪ್ಪು, ಒಂದು ಪೊಟ್ಟಣ ಉಪ್ಪು. ಕೊನೆಯ ಎರಡು ಇಂಬಳಕ್ಕೆ. ಜೂನ್ ಬಂದರೆ ಅವಿಲ್ಲದೆ ಇಲ್ಲಿ ಯಾರೂ ತೋಟಕ್ಕೆ ಇಳಿಯುವುದಿಲ್ಲ.

ಚೆಕ್‌ರೋಲ್ ಮಾತ್ರ ಜೇಬಿನಲ್ಲಿರಲಿಲ್ಲ. ಆಳುಗಳ ಹಾಜರಿ ಪುಸ್ತಕಕ್ಕೆ ತೋಟಗಳಲ್ಲಿ ಇವತ್ತಿಗೂ ಅದೇ ಹೆಸರು. ಎರಡು ವರ್ಷದ ಹಿಂದೆ ಹಳ್ಳ ದಾಟುವಾಗ ಅದು ಹರಿದ ಮೂಲೆಯಿಂದ ಜಾರಿ ನೀರಿಗೆ ಬಿದ್ದು ಒಂದು ವಾರದ ಹಾಜರಿ ತೊಳೆದುಹೋಗಿತ್ತು. ಮಾವ ಒಬ್ಬೊಬ್ಬರ ಮನೆಗೂ ಹೋಗಿ ಕೇಳಿ ಬರೆದುಕೊಂಡರು. ಅಂದಿನಿಂದ ಅದರ ಜಾಗ ಸ್ಟೀರಿಂಗಿನ ಮುಂದೆ, ಗಾಜಿನ ಕೆಳಗೆ.

ಜೀಪಿಗೆ ಬಾಗಿಲು ಎಲ್ಲಿಂದ ಬಂತು

ಇದು ಮಹೀಂದ್ರ ಎಂಎಂ 540. 2112 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್. ತಗಡಿನ ಬಾಗಿಲು, ಅದರ ಒಳಗಿನ ಪ್ಯಾಡು, ಜೇಬು ಎಲ್ಲ ಊರಲ್ಲೇ ಮಾಡಿಸಿದ್ದು. ಈ ವಂಶದ ಮೂಲಪುರುಷನಿಗೆ ಬಾಗಿಲೇ ಇರಲಿಲ್ಲ. 1941ರ ವಿಲ್ಲಿಸ್ ಎಂಬಿ ಯುದ್ಧದ ಗಾಡಿ. ಹಾರಿ ಇಳಿಯಬೇಕು, ಹಾರಿ ಹತ್ತಬೇಕು. ಬಾಗಿಲ ಜಾಗದಲ್ಲಿ ಅಡ್ಡಕ್ಕೊಂದು ಪಟ್ಟಿ. ಸಾಮಾನಿಗೆ ಹಿಂದಿನ ಎರಡು ಮೂಲೆಯಲ್ಲಿ ಪೆಟ್ಟಿಗೆ, ಡ್ರೈವರ್ ಸೀಟಿನ ಕೆಳಗೆ ಪೆಟ್ರೋಲ್ ಟ್ಯಾಂಕು. 1947ರಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪನ್ನು ಇಲ್ಲಿ ಜೋಡಿಸಲು ಶುರು ಮಾಡಿದರು. ಮಲೆನಾಡಿನ ಮಳೆಗೆ ಬಾಗಿಲಿಲ್ಲದೆ ಆಗುತ್ತದೆಯೇ? ಮೊದಲು ಟಾರ್ಪಾಲು, ಆಮೇಲೆ ತಗಡು. ಬಾಗಿಲು ಬಂದ ಮೇಲೆ ಅದಕ್ಕೊಂದು ಜೇಬು.

ಶನಿವಾರ ಮಧ್ಯಾಹ್ನ

ಮಾವನ ವಾದ: "ಏರು ಹತ್ತುವಾಗ ಸಾಮಾನೆಲ್ಲ ಹಿಂದಕ್ಕೆ ಜಾರ್ತದೆ. ಅದಕ್ಕೇ ಹಿಂದಿನ ಮೂಲೆ ಹೋಗೋದು." ಕೇಳಲು ಸರಿಯಾಗಿದೆ. ಆದರೆ ಹತ್ತಿದ ಗಾಡಿ ಇಳಿಯಲೂ ಬೇಕಲ್ಲ. ಬಿಸಿಲೆ ಘಾಟಿಯಲ್ಲಿ ಇಳಿಯುವಾಗ ಅದೇ ಸಾಮಾನು ಮುಂದಿನ ಮೂಲೆಗೆ ಜಾರಬೇಕು. ಮುಂದಿನ ಮೂಲೆ ಯಾಕೆ ಗಟ್ಟಿಯಾಗಿದೆ?

ಕಣದಿಂದ ಒಂದು ಹಿಡಿ ಒಣ ಕಾಫಿ ಬೀಜ ತಂದು ಎಡಗಡೆಯ ಜೇಬಿನ ಉದ್ದಕ್ಕೂ ಹರಡಿದೆ. ಹರಿದ ಮೂಲೆಗೆ ಕಾಗದ ತುರುಕಿದೆ. ಒಳಗೆ ಕೂತು, ಬಾಗಿಲನ್ನು ಎಂದಿನಂತೆ ಎಳೆದು ಹಾಕಿದೆ. ಈ ಬಾಗಿಲು ಮೆಲ್ಲಗೆ ಹಾಕಿದರೆ ಕೂರುವುದಿಲ್ಲ; ರಬ್ಬರ್ ಬೀಡಿಂಗ್ ಸೆಟೆದುಕೊಂಡಿದೆ, ರಭಸ ಬೇಕು. ಧಡ್ ಅಂದ ಕೂಡಲೇ ಹಿಂದಿನ ತುದಿಯ ಬೀಜ ನನ್ನ ತೊಡೆಯ ಮೇಲೆ ಹಾರಿಬಿದ್ದವು. ಬಿಜಾಗರಿ ಪಕ್ಕದವು ಅಲುಗಿದ್ದು ಅಷ್ಟಕ್ಕಷ್ಟೆ. ಐದು ಸಲ ಹಾಕಿದೆ, ಐದು ಸಲವೂ ಹಾಗೇ.

ಬಾಗಿಲು ತಿರುಗುವಾಗ ಬಿಜಾಗರಿ ಬಳಿಯ ಜಾಗ ಹೆಚ್ಚು ದೂರ ಚಲಿಸುವುದಿಲ್ಲ. ತುದಿ ಅಷ್ಟೇ ಹೊತ್ತಿನಲ್ಲಿ ದೊಡ್ಡ ಕಮಾನು ಸುತ್ತಿ ಬರಬೇಕು. ಬಾಗಿಲು ತಟಕ್ಕನೆ ನಿಲ್ಲುತ್ತದೆ, ಜೇಬಿನೊಳಗಿನದು ನಿಲ್ಲುವುದಿಲ್ಲ. ಬಂದ ವೇಗದಲ್ಲೇ ಗಾಡಿಯ ಒಳಕ್ಕೆ ನುಗ್ಗಿ ರೆಕ್ಸಿನ್ನಿಗೆ ಗುದ್ದುತ್ತದೆ. ವೇಗ ಹೆಚ್ಚಿರುವ ತುದಿಯಲ್ಲಿ ಗುದ್ದೂ ಹೆಚ್ಚು. ದಿನಕ್ಕೆ ಹತ್ತಿಪ್ಪತ್ತು ಸಲ, ಇಷ್ಟು ವರ್ಷ. ಗೇಟು ತೆಗೆದು ಹಾಕಲು ಇಳಿದು ಹತ್ತುವವರು ಅತ್ತೆ. ಹಾಗಾಗಿ ಎಡಗಡೆಯ ಬಾಗಿಲು ಬಡಿದುಕೊಂಡದ್ದೇ ಜಾಸ್ತಿ. ಹಗುರ ಜೇಬಿನ ಲೆಕ್ಕ ಅಲ್ಲಿಗೆ ಸರಿಹೋಯಿತು. ಮಾವನಿಗೆ ಬೀಜ ಹಾರಿದ್ದನ್ನು ತೋರಿಸಿದೆ. ತಾವೂ ಒಮ್ಮೆ ಬಾಗಿಲು ಹಾಕಿ ನೋಡಿದರು, ಏನೂ ಹೇಳಲಿಲ್ಲ.

ಇನ್ನೊಂದು ಒಗಟು

ಪ್ಯಾಡು ಬಿಚ್ಚಿದಾಗ ಬಲಗಡೆಯ ಸ್ಕ್ರೂಗಳು ಸಲೀಸಾಗಿ ಬಂದವು. ಎಡಗಡೆಯ ಕೆಳಗಿನ ಮೂರಕ್ಕೆ ತಲೆಯೇ ಇಲ್ಲ, ತುಕ್ಕು ತಿಂದುಬಿಟ್ಟಿದೆ. ಮಳೆಯಲ್ಲೂ ಬಲಗಡೆಯ ಗಾಜು ಇಳಿಸಿ ಕೈ ಹೊರಗಿಡುವುದು ಮಾವ. ನೀರು ಹೆಚ್ಚು ಕುಡಿದದ್ದು ಬಲಗಡೆಯ ಬಾಗಿಲು, ತುಕ್ಕು ಎಡಗಡೆಗೆ. ತುಂಬ ಹೊತ್ತು ಹೊಳೆಯಲಿಲ್ಲ. ಕೊನೆಗೆ ಜೇಬಿನ ತಳಕ್ಕೆ ಬೆರಳು ಉಜ್ಜಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು! ಮಳೆಗಾಲದ ಗಾಳಿಯ ತೇವ ಹೀರಿ ಪೊಟ್ಟಣ ನೀರಾಗಿ, ಹೊಲಿಗೆಯ ತೂತುಗಳಿಂದ ತೊಟ್ಟಿಕ್ಕಿ, ನೇರ ಆ ಮೂರು ಸ್ಕ್ರೂಗಳ ಮೇಲೆ. ಬರಿಯ ಮಳೆನೀರಿಗಿಂತ ಉಪ್ಪುನೀರು ಕಬ್ಬಿಣವನ್ನು ಎಷ್ಟೋ ಬೇಗ ತಿನ್ನುತ್ತದೆ. ಪ್ಯಾಡಿನ ಹಾರ್ಡ್‌ಬೋರ್ಡೂ ಅಲ್ಲಿ ನೆನೆದ ಹಪ್ಪಳದಂತೆ ಉಬ್ಬಿದೆ.

ಭಾನುವಾರ, ಕುಶನ್ ಅಂಗಡಿ

ಮೇಸ್ತ್ರಿ ಅಳತೆ ಟೇಪು ತೆಗೆಯಲಿಲ್ಲ. ಮೊದಲು ಕೇಳಿದ್ದು: "ಇದ್ರಲ್ಲಿ ಏನೇನ್ ಇಡ್ತೀರಿ ಗೌಡ್ರೇ?" ಮಾವ ಒಂದೊಂದಾಗಿ ಹೇಳಿದರು. ಚೆಕ್‌ರೋಲ್ ಅಂದಾಗ ಅದನ್ನು ತರಿಸಿಕೊಂಡು ರೆಕ್ಸಿನ್ ಮೇಲೆ ಮಲಗಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಪಕ್ಕದಲ್ಲಿ ಸ್ಪ್ಯಾನರಿಗೆ ಬೇರೆ ಕಿರಿದಾದ ಖಾನೆ, ಬಿಜಾಗರಿಯ ಕಡೆಗೆ. ಭಾರದ್ದನ್ನು ಅಲ್ಲೇ ಯಾಕೆ ಎಂದು ಕೇಳಿದೆ. "ಅಲ್ಲಿ ಕಮ್ಮಿ ಬಡಿಯುತ್ತೆ." ನಾನು ಒಂದು ಮಧ್ಯಾಹ್ನ ಪೂರ್ತಿ ಕಾಫಿ ಬೀಜ ಹಾರಿಸಿ ಕಂಡುಕೊಂಡದ್ದು ಅವರ ಕೈಗೆ ಗೊತ್ತಿತ್ತು.

ಹಳೆಯ ರೆಕ್ಸಿನ್ ಮಡಿಸಿದರೆ ಚಟಚಟ ಒಡೆಯುತ್ತದೆ. ರೆಕ್ಸಿನ್ ಅನ್ನುವುದು ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬ ಊರಿನ ಒಂದು ಕಂಪನಿಯ ಹೆಸರು. ಅವರ ಸರಕು ಬೇರೆ ರಸಾಯನದ್ದು. ಈಗ ಆ ಹೆಸರಿನಲ್ಲಿ ನಮಗೆ ಸಿಗುವುದು ಬಟ್ಟೆಗೆ ಪಿವಿಸಿ ಬಳಿದದ್ದು. ಪಿವಿಸಿ ಸ್ವಭಾವತಃ ಗಡುಸು. ಮೆದುವಾಗಲೆಂದು ಬೆರೆಸಿದ ಎಣ್ಣೆಯಂಥ ದ್ರವ ಬಿಸಿಲಿಗೆ ಮೆಲ್ಲನೆ ಹೊರಟುಹೋಗುತ್ತದೆ. ಹೊಸ ಕಾರಿನ ಗಾಜಿನ ಒಳಮೈಗೆ ಕೂರುವ ಮಬ್ಬಿನಲ್ಲಿ ಅದರ ಪಾಲೂ ಇದೆ. ಜೇಬಿನ ಬಾಯಿಯ ಎಲಾಸ್ಟಿಕ್ಕಿನದೂ ಇದೇ ಗತಿ, ರಬ್ಬರ್ ಎಳೆ ಒಣಗಿ ಪುಡಿಯಾಗಿದೆ.

ಹಳೆಯದರ ಹೊಲಿಗೆ ತೀರ ಒತ್ತೊತ್ತು. ಗಟ್ಟಿ ಇರಲೆಂದು ಹಾಗೆ ಹಾಕಿದ್ದಿರಬೇಕು. ರೆಕ್ಸಿನ್ನಿನಲ್ಲಿ ಅದು ತಿರುಗುಬಾಣ: ಸೂಜಿ ಚುಚ್ಚಿದ ತೂತು ಮುಚ್ಚಿಕೊಳ್ಳುವುದಿಲ್ಲ, ಒತ್ತಾಗಿ ಚುಚ್ಚಿದರೆ ಅಂಚೆಚೀಟಿಯ ಅಂಚಿನಂತೆ ಗೆರೆ ಹಿಡಿದು ಹರಿದುಬರುತ್ತದೆ. ಮೇಸ್ತ್ರಿ ಉದ್ದ ಹೊಲಿಗೆ ಹಾಕಿದರು. ದಾರ ಪಾಲಿಯೆಸ್ಟರ್, ನೈಲಾನ್ ಬಿಸಿಲಿಗೆ ಬೇಗ ಸೋಲುತ್ತದೆ. ಹಿಂದಿನ ಮೂಲೆಯನ್ನು ಚೌಕ ಬಿಡದೆ ದುಂಡಗೆ ತಿರುಗಿಸಿ ಒಳಗೊಂದು ತೇಪೆ ಕೊಟ್ಟರು. ತಳಕ್ಕೆ ಹಿತ್ತಾಳೆಯ ಮೂರು ಐಲೆಟ್ಟು, ನೀರು ಇಳಿದುಹೋಗಲಿ ಎಂದು. ಬಾಯಿಗೆ ಎಲಾಸ್ಟಿಕ್ ಬೇಡವೆಂದು ದಪ್ಪ ಪೈಪಿಂಗ್.

ಭಾನುವಾರ ಸಂಜೆ

ಪ್ಯಾಡು ಕೂರಿಸುವ ಮೊದಲು ಬಾಗಿಲ ತಳದ ತೂತುಗಳನ್ನು ಕಂಬಿಯಿಂದ ಚುಚ್ಚಿ ಬಿಡಿಸಿದೆವು. ಗಾಜಿನ ಸಂದಿನಲ್ಲಿ ಇಳಿದ ನೀರು ಅಲ್ಲಿಂದಲೇ ಹೋಗಬೇಕು. ಎಡಗಡೆಯದು ಮಣ್ಣು ತುಂಬಿ ಮುಚ್ಚಿತ್ತು. ತಗಡಿಗೂ ಪ್ಯಾಡಿಗೂ ನಡುವೆ ಹೊಸ ಪ್ಲಾಸ್ಟಿಕ್ ಹಾಳೆ ಅಂಟಿಸಿದೆವು. ಅದಿಲ್ಲದಿದ್ದರೆ ಹೊಸ ಹಾರ್ಡ್‌ಬೋರ್ಡೂ ಹಪ್ಪಳವೇ. ತುಕ್ಕು ಹಿಡಿಯದ ಸ್ಕ್ರೂ ಹಾಕಿದೆವು. ಅತ್ತೆ ಉಪ್ಪನ್ನು ಬಿಗಿ ಮುಚ್ಚಳದ ಡಬ್ಬಿಗೆ ಸುರಿದರು.

ಸೋಮವಾರ

ಬೆಳಿಗ್ಗೆ ಮಾವನ ಜೊತೆ ತೋಟಕ್ಕೆ ಹೋದೆ. ಸ್ಪ್ಯಾನರು, ಕತ್ತರಿ, ಟಾರ್ಚು ತಮ್ಮ ತಮ್ಮ ಖಾನೆಯಲ್ಲಿವೆ. ಹಾಜರಿ ಬರೆದು ಮುಗಿಸಿ ಮಾವ ಚೆಕ್‌ರೋಲನ್ನು ಗಾಜಿನ ಕೆಳಗೇ ಇಟ್ಟರು, ಮೇಸ್ತ್ರಿ ಅದರ ಅಳತೆಗೇ ಹೊಲಿದ ಖಾನೆ ಮೊಣಕಾಲಿನ ಪಕ್ಕದಲ್ಲೇ ಬಾಯಿ ತೆರೆದುಕೊಂಡಿರುವಾಗ. ಹಳ್ಳ ಬಂತು. ನೀರಿಗೆ ಇಳಿಯುವ ಮುಂಚೆ ಗಾಡಿ ನಿಲ್ಲಿಸಿದರು, ಎಡಗೈ ಚಾಚಿ ಪುಸ್ತಕವನ್ನು ಎತ್ತಿಕೊಂಡರು, ನನ್ನ ತೊಡೆಯ ಮೇಲಿಟ್ಟರು.

"ಗಟ್ಟಿಯಾಗಿ ಹಿಡ್ಕೊ."