ಎಂಟೆಂಟು ಅಂಕ ಕಳೆಯುವ ವಿಷ

ಮಕ್ಕಳು ಕಂಪ್ಯೂಟರ್ ಮುಂದೆ ಕುಳಿತರೆ ನಿಮಗೂ ಕೋಪ ಬರುತ್ತದಲ್ಲವೇ? ನನಗಂತೂ ಬರುತ್ತಿತ್ತು. ಒಂಬತ್ತನೇ ತರಗತಿಯ ಮಗ ನನ್ನೊಡನೆ ಸರಿಯಾಗಿ ಮಾತನಾಡದೆ ತಿಂಗಳೇ ಆಗಿತ್ತು. ಊಟಕ್ಕೆ ಕರೆದರೆ ಬರೇ "ಹ್ಞೂಂ". ಒಂದು ಸಂಜೆ ಬೈಯಲೆಂದೇ ಹೋದವಳು, ಯಾಕೋ ಅವನ ಪಕ್ಕದಲ್ಲೇ ಕುರ್ಚಿ ಎಳೆದು ಕುಳಿತೆ.

ಆಟದ ಹೆಸರು 'ಬ್ಯಾಟಲ್ ಫಾರ್ ವೆಸ್ನಾತ್'. 2003ರಲ್ಲಿ ಬಂದದ್ದು, ಹಣ ಕೊಡಬೇಕಾಗಿಲ್ಲ. ಚದುರಂಗದಂತೆ ಸರದಿಯ ಆಟ. ಅವನ ಸೈನ್ಯದಲ್ಲೊಂದು ಕುರೂಪಿ ಗೂಲ್ ಇತ್ತು. ಹೌದು, ಅರಬಿ ಕತೆಗಳ ಅದೇ ಗೂಲ್! ಪದವೂ ಅರಬಿಯದ್ದೇ.

"ಇದರ ಏಟಿಗೆ ಬಲವೇ ಇಲ್ಲವಲ್ಲೋ?" ಎಂದೆ.

"ಉಗುರಲ್ಲಿ ವಿಷ ಇದೆ ಉಮ್ಮಾ."

ಆ ವಿಷ ತಗಲಿದವನು ತನ್ನ ಪ್ರತಿ ಸರದಿಗೂ ಜೀವದ ಎಂಟು ಅಂಕ ಕಳೆದುಕೊಳ್ಳುತ್ತಾನೆ. ಆದರೆ ವಿಷದಿಂದಲೇ ಸಾಯುವುದಿಲ್ಲ, ಒಂದು ಅಂಕ ಉಳಿದೇ ಉಳಿಯುತ್ತದೆ. ಅಸ್ಥಿಪಂಜರದ ಸೈನಿಕರಿಗೆ ಅದು ತಟ್ಟುವುದೇ ಇಲ್ಲ.

ಮೌಸ್ ನನ್ನ ಕೈಗೆ ಕೊಟ್ಟ. ನಾನು ಅರೆಜೀವವಾಗಿದ್ದವನ ಮೇಲೆಯೇ ಗೂಲನ್ನು ಬಿಟ್ಟೆ. "ಸಾಯುವವನಿಗೆ ಯಾಕೆ ವಿಷ?" ಎಂದು ನಕ್ಕ. ಎಷ್ಟು ದಿನವಾಗಿತ್ತು ಆ ನಗು ನೋಡಿ! ಒಬ್ಬನಿಗೇ ಎರಡು ಸಲ ಕೊಟ್ಟರೂ ದಂಡ, ವಿಷ ದುಪ್ಪಟ್ಟಾಗುವುದಿಲ್ಲ. ಗಟ್ಟಿಮುಟ್ಟಾದವರನ್ನು ಆರಿಸಿ, ಒಬ್ಬೊಬ್ಬರಿಗೂ ಒಂದೊಂದು ಪರಚು ಸಾಕು. ವಿಷ ಇಳಿಸಿಕೊಳ್ಳಲು ಅವರು ಹಳ್ಳಿಗೆ ಓಡುತ್ತಾರೆ. ಹಳ್ಳಿ ಆ ಸರದಿಯಲ್ಲಿ ವಿಷವನ್ನಷ್ಟೇ ತೆಗೆಯುತ್ತದೆ, ಗಾಯ ಮಾಯುವುದು ಮುಂದಿನ ಸರದಿಯಿಂದ. ಅಷ್ಟು ಹೊತ್ತು ಯುದ್ಧದಲ್ಲಿ ಅವರಿಲ್ಲ. ಮಗನ ಉಪಾಯ ಇನ್ನೂ ಒಂದು ಹೆಜ್ಜೆ ಮುಂದೆ: ವೇಗವಾಗಿ ಹಾರುವ ಬಾವಲಿಗಳನ್ನು ಮೊದಲೇ ಕಳುಹಿಸಿ ಹಳ್ಳಿಗಳಲ್ಲಿ ಕೂರಿಸುವುದು. ವಿಷ ಇಳಿಸುವ ಬಿಳಿ ಮಾಂತ್ರಿಕ ಎದುರಾಳಿಯಲ್ಲಿದ್ದರೆ ಮೊದಲು ಅವನನ್ನೇ ಮುಗಿಸುವುದು. ಅಬ್ಬಾ, ಹದಿನಾಲ್ಕು ವರ್ಷದವನ ತಲೆ!

ಎದುರಾಳಿಯ ಸರದಿ ನಡೆಯುತ್ತಿತ್ತು. ಪರದೆಯಿಂದ ಕಣ್ಣು ತೆಗೆಯದೆ ಅವನು ಮೆಲ್ಲಗೆ ಹೇಳಿದ: "ಉಮ್ಮಾ, ಗಣಿತದಲ್ಲಿ ಫೇಲ್ ಆಗಿದ್ದೇನೆ. ಅಂಕಪಟ್ಟಿಗೆ ನಾನೇ ನಿಮ್ಮ ಸಹಿ ಹಾಕಿ ಕೊಟ್ಟೆ."

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ.

"ನಾಳೆ ಶಾಲೆಗೆ ನಾನೂ ಬರುತ್ತೇನೆ. ನೀನೇ ಟೀಚರಿಗೆ ಹೇಳು, ನಾನು ಪಕ್ಕದಲ್ಲಿರುತ್ತೇನೆ" ಎಂದೆ.

ಅವನು ತಲೆಯಾಡಿಸಿದ. ಆಮೇಲೆ ಮೂಗೊರೆಸಿಕೊಂಡು, "ಉಮ್ಮಾ, ನಿಮ್ಮ ಸರದಿ. ಗೂಲನ್ನು ಈ ಸಲ ಆ ಕುದುರೆ ಸವಾರನ ಮೇಲೆ ಬಿಡಿ" ಎಂದ.